ಧವಲಾ ಬರೆದ ಆಚಾರ್ಯ ವೀರಸೇನರು: ಮೂಡುಬಿದಿರೆ ಕಾಪಾಡಿದ ಓಲೆಗಳ ಕಥೆ

ಪುತ್ತೂರು, ಸುಳ್ಯ, ಕಡಬ ಕಡೆಯ ಜೈನ ಕುಟುಂಬಗಳು ಮೂಡುಬಿದಿರೆಗೆ ಹೊರಟರೆ ಉಪ್ಪಿನಂಗಡಿ, ಗುರುವಾಯನಕೆರೆ, ವೇಣೂರು ದಾರಿ ಹಿಡಿಯುವುದು ವಾಡಿಕೆ. ವೇಣೂರಿನಲ್ಲಿ ಬಾಹುಬಲಿ ಸ್ವಾಮಿಗೆ ಕೈಮುಗಿದು, ಮೂಡುಬಿದಿರೆಯಲ್ಲಿ ಸಾವಿರ ಕಂಬದ ಬಸದಿಗೆ ಹೋಗಿ, ಕೊನೆಗೆ ಗುರುಬಸದಿಯ ಪಾರ್ಶ್ವನಾಥ ಸ್ವಾಮಿಯ ಮುಂದೆ ನಿಲ್ಲುತ್ತಾರೆ. ಈ ಬಸದಿಗೆ ಸಿದ್ಧಾಂತ ಬಸದಿ ಎಂಬ ಇನ್ನೊಂದು ಹೆಸರಿದೆ. ಸಿದ್ಧಾಂತ ದರ್ಶನ ಎಂದರೆ ರತ್ನದ ಬಿಂಬಗಳ ದರ್ಶನ ಎಂದೇ ಅನೇಕರು ತಿಳಿದಿದ್ದಾರೆ. ಆದರೆ ಬಸದಿಗೆ ಆ ಹೆಸರು ಬಂದದ್ದು ಬಿಂಬಗಳಿಂದಲ್ಲ, ಅಲ್ಲಿ ಕಾಪಾಡಿಕೊಂಡು ಬಂದ ಓಲೆಯ ಕಟ್ಟುಗಳಿಂದ. ಧವಲಾ, ಜಯಧವಲಾ, ಮಹಾಧವಲಾ ಎಂಬವೇ ಆ ಸಿದ್ಧಾಂತ ಗ್ರಂಥಗಳು.

ನೂರಾರು ವರ್ಷ ಈ ಗ್ರಂಥಗಳಿಗೆ ಪೂಜೆ ನಡೆಯಿತು, ಆರತಿ ನಡೆಯಿತು. ಓದುವವರು ಮಾತ್ರ ಇರಲಿಲ್ಲ. ಲೋಕದಲ್ಲಿ ಬೇರೆಲ್ಲೂ ಪ್ರತಿಯಿಲ್ಲದ, ಒಳಗೆ ಏನಿದೆ ಎಂದು ಯಾರೂ ಹೇಳಲಾಗದ ಗ್ರಂಥವೆಂದು ಇದರ ಸುತ್ತ ಹಲವು ಕಥೆಗಳು ಬೆಳೆದವು. ಈ ಗ್ರಂಥಗಳ ಮುಖ್ಯ ಕರ್ತೃ ಆಚಾರ್ಯ ವೀರಸೇನರು. ಅವರ ಜೀವನ ಮತ್ತು ಅವರ ಗ್ರಂಥ ಉಳಿದು ಬಂದ ಬಗೆ ಎರಡನ್ನೂ ಒಟ್ಟಿಗೆ ತಿಳಿದುಕೊಂಡರೆ ಮಾತ್ರ ಸಿದ್ಧಾಂತ ದರ್ಶನಕ್ಕೆ ಪೂರ್ಣ ಅರ್ಥ ಬರುತ್ತದೆ.

ಗಿರಿನಾರಿನಿಂದ ಬನವಾಸಿಗೆ

ವೀರಸೇನರು ಬರೆದದ್ದು ವ್ಯಾಖ್ಯಾನ. ಅದರ ಮೂಲ ಷಟ್ಖಂಡಾಗಮ. ಆ ಮೂಲ ಹುಟ್ಟಿದ ಕಥೆಯನ್ನು ವೀರಸೇನರೇ ಧವಲಾದ ಆರಂಭದಲ್ಲಿ ಹೇಳಿದ್ದಾರೆ.

ಭಗವಾನ್ ಮಹಾವೀರರ ನಂತರ ಶ್ರುತಜ್ಞಾನ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬರುತ್ತಿತ್ತು. ಕಾಲ ಕಳೆದಂತೆ ನೆನಪು ಕುಗ್ಗಿತು. ಸೌರಾಷ್ಟ್ರದ ಗಿರಿನಾರಿನ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಗೆ ತಮ್ಮೊಂದಿಗೆ ಈ ಜ್ಞಾನ ಮುಗಿದುಹೋಗುತ್ತದೆ ಎಂಬ ಭಯ ಹುಟ್ಟಿತು. ದಕ್ಷಿಣದ ಮುನಿಸಂಘಕ್ಕೆ ಪತ್ರ ಕಳುಹಿಸಿದರು. ಅಲ್ಲಿಂದ ಇಬ್ಬರು ತರುಣ ಮುನಿಗಳು ಹೊರಟರು. ಅವರು ಬರುವ ಮೊದಲಿನ ರಾತ್ರಿ ಎರಡು ಬಿಳಿಯ ಎತ್ತುಗಳು ತಮ್ಮ ಪಾದಕ್ಕೆ ಬಾಗಿದಂತೆ ಆಚಾರ್ಯರಿಗೆ ಕನಸಾಯಿತಂತೆ.

ಬಂದವರ ಯೋಗ್ಯತೆ ನೋಡಲು ಆಚಾರ್ಯರು ಒಬ್ಬರಿಗೆ ಒಂದಕ್ಷರ ಹೆಚ್ಚಿರುವ ಮಂತ್ರವನ್ನು, ಇನ್ನೊಬ್ಬರಿಗೆ ಒಂದಕ್ಷರ ಕಡಿಮೆಯಿರುವ ಮಂತ್ರವನ್ನು ಕೊಟ್ಟರು. ಜಪ ಮಾಡಿದಾಗ ಒಬ್ಬರಿಗೆ ಹಲ್ಲು ಹೊರಚಾಚಿದ ದೇವಿ ಕಂಡಳು, ಇನ್ನೊಬ್ಬರಿಗೆ ಒಂದೇ ಕಣ್ಣಿನ ದೇವಿ ಕಂಡಳು. ದೇವತೆಯರು ಹೀಗೆ ವಿಕಾರವಾಗಿರುವುದಿಲ್ಲ ಎಂದು ತಿಳಿದ ಮುನಿಗಳು ಮಂತ್ರದ ಅಕ್ಷರದೋಷವನ್ನು ತಾವೇ ತಿದ್ದಿ ಮತ್ತೆ ಜಪಿಸಿದರು. ಆಗ ದೇವಿಯರು ಸಹಜ ರೂಪದಲ್ಲಿ ಕಾಣಿಸಿಕೊಂಡರು. ಅಕ್ಷರ ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು ಎಂಬ ಪಾಠ ಈ ಕಥೆಯಲ್ಲಿದೆ.

ಈ ಇಬ್ಬರೇ ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು. ಕಲಿತು ಮುಗಿದ ಮೇಲೆ ಪುಷ್ಪದಂತರು ನಮ್ಮ ಕನ್ನಡ ನಾಡಿನ ಬನವಾಸಿಗೆ ಬಂದರು. ಅಲ್ಲಿ 177 ಸೂತ್ರಗಳನ್ನು ರಚಿಸಿ, ಜಿನಪಾಲಿತ ಎಂಬ ಶಿಷ್ಯನ ಕೈಯಲ್ಲಿ ದ್ರಾವಿಡ ದೇಶದಲ್ಲಿದ್ದ ಭೂತಬಲಿಗಳಿಗೆ ಕಳುಹಿಸಿದರು. ಪುಷ್ಪದಂತರ ಆಯುಷ್ಯ ಹೆಚ್ಚಿಲ್ಲವೆಂದು ಅರಿತ ಭೂತಬಲಿಗಳು ಉಳಿದ ಭಾಗವನ್ನು ಪೂರ್ಣಗೊಳಿಸಿದರು. ಜೀವಸ್ಥಾನ, ಕ್ಷುದ್ರಕಬಂಧ, ಬಂಧಸ್ವಾಮಿತ್ವವಿಚಯ, ವೇದನಾ, ವರ್ಗಣಾ, ಮಹಾಬಂಧ ಎಂಬ ಆರು ಖಂಡಗಳಾದವು. ಗ್ರಂಥ ಮುಗಿದು ಪೂಜೆಗೊಂಡ ದಿನ ಜ್ಯೇಷ್ಠ ಶುಕ್ಲ ಪಂಚಮಿ. ಅದನ್ನೇ ನಾವು ಶ್ರುತಪಂಚಮಿ ಎಂದು ಆಚರಿಸುತ್ತೇವೆ.

ಪುಷ್ಪದಂತರು ಬನವಾಸಿಯಲ್ಲಿ ರಚಿಸಿದ ಭಾಗದ ಮೊದಲಿಗೆ ಮಂಗಲವಾಗಿ ಇರುವುದು ಪಂಚನಮಸ್ಕಾರ ಮಂತ್ರ. ಪ್ರತಿ ಜೈನ ಮನೆಯಲ್ಲಿ ಬೆಳಿಗ್ಗೆ ಸಂಜೆ ಹೇಳುವ ಅದೇ ಮಂತ್ರ. ವೀರಸೇನರ ಧವಲಾ ಈ ಮಂತ್ರದ ಒಂದೊಂದು ಪದವನ್ನೂ ಬಿಡಿಸಿ ಅರ್ಥ ಹೇಳುತ್ತದೆ.

ವೀರಸೇನರ ವಿದ್ಯಾಭ್ಯಾಸ

ವೀರಸೇನರು ಧವಲಾದ ಕೊನೆಯ ಪ್ರಶಸ್ತಿಯಲ್ಲಿ ತಮ್ಮ ಬಗ್ಗೆ ಬರೆದದ್ದು ಕೆಲವೇ ಸಾಲು. ಅಲ್ಲಿ ತಾಯಿ ತಂದೆಯರ ಹೆಸರಿಲ್ಲ, ಹುಟ್ಟಿದ ಊರಿನ ಹೆಸರಿಲ್ಲ. ಗುರುಗಳ ಹೆಸರಿದೆ. ಪಂಚಸ್ತೂಪಾನ್ವಯದ ಚಂದ್ರಸೇನರ ಶಿಷ್ಯರು ಆರ್ಯನಂದಿಗಳು, ಆರ್ಯನಂದಿಗಳ ಶಿಷ್ಯರು ವೀರಸೇನರು. ಸಿದ್ಧಾಂತ, ಛಂದಸ್ಸು, ಜ್ಯೋತಿಷ, ವ್ಯಾಕರಣ, ಪ್ರಮಾಣಶಾಸ್ತ್ರ ಎಲ್ಲದರಲ್ಲೂ ಅವರು ನಿಪುಣರು.

ಸಿದ್ಧಾಂತವನ್ನು ಕಲಿಸಿದವರು ಚಿತ್ರಕೂಟಪುರದಲ್ಲಿದ್ದ ಏಲಾಚಾರ್ಯರು. ಇಂದ್ರನಂದಿಯ ಶ್ರುತಾವತಾರದಲ್ಲಿ ಈ ವಿವರ ಇದೆ. ಏಲಾಚಾರ್ಯರ ಬಳಿ ಸಂಪೂರ್ಣ ಸಿದ್ಧಾಂತವನ್ನು ಅಭ್ಯಾಸ ಮಾಡಿದ ವೀರಸೇನರು ಗುರುಗಳ ಅಪ್ಪಣೆ ಪಡೆದು ವಾಟಗ್ರಾಮಕ್ಕೆ ಬಂದರು. ಅಲ್ಲಿಯ ಜಿನಾಲಯದಲ್ಲಿ ನೆಲೆಸಿದರು. ಅಲ್ಲಿ ಅವರಿಗೆ ಬಪ್ಪದೇವರ ಹಳೆಯ ವ್ಯಾಖ್ಯಾನ ದೊರೆಯಿತು. ಅದನ್ನು ನೋಡಿದ ಮೇಲೆ ಅವರು ತಮ್ಮ ದೊಡ್ಡ ಕೆಲಸಕ್ಕೆ ಕೈಹಾಕಿದರು. ವಾಟಗ್ರಾಮ ಎಂದರೆ ಮಹಾರಾಷ್ಟ್ರದ ನಾಸಿಕ್ ಕಡೆಯ ಊರು ಎಂದು ಒಂದು ಅಭಿಪ್ರಾಯ, ಗುಜರಾತಿನ ವಡೋದರ ಎಂದು ಇನ್ನೊಂದು ಅಭಿಪ್ರಾಯ. ಎರಡರಲ್ಲಿ ಯಾವುದಾದರೂ ಅದು ರಾಷ್ಟ್ರಕೂಟರ ಪ್ರಭಾವದ ನಾಡೇ ಆಗಿತ್ತು. ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ರಾಷ್ಟ್ರಕೂಟರ ರಾಜಧಾನಿಯಾಯಿತು. ಪ್ರಶಸ್ತಿಯಲ್ಲಿ ಜಗತ್ತುಂಗ, ಅಂದರೆ ಮೂರನೆಯ ಗೋವಿಂದನ ಹೆಸರು ಬರುತ್ತದೆ. ಅವನ ಮಗನೇ ಅಮೋಘವರ್ಷ ನೃಪತುಂಗ.

ಧವಲಾ ಮುಗಿದ ದಿನವನ್ನು ವೀರಸೇನರು ಗ್ರಹಗಳ ಸ್ಥಾನದ ಸಮೇತ ಬರೆದಿದ್ದಾರೆ. ಪ್ರತಿ ಮಾಡುವವರ ಕೈಯಲ್ಲಿ ಆ ಸಾಲುಗಳು ಸ್ವಲ್ಪ ಕೆಟ್ಟಿವೆ. ಸಂಪಾದಕರಾದ ಡಾ. ಹೀರಾಲಾಲ್ ಜೈನರು ಲೆಕ್ಕ ಮಾಡಿ ಅದು ಶಕ 738ರ ಕಾರ್ತಿಕ ಶುಕ್ಲ ತ್ರಯೋದಶಿ, ಅಂದರೆ ಕ್ರಿ.ಶ. 816ರ ಅಕ್ಟೋಬರ್ 8 ಎಂದು ನಿರ್ಧರಿಸಿದರು. ಡಾ. ಜ್ಯೋತಿಪ್ರಸಾದ್ ಜೈನರು ಕ್ರಿ.ಶ. 780 ಎಂದು ವಾದಿಸಿದರು. ಶುಕ್ಲಪಕ್ಷದಲ್ಲಿ ಮುಗಿದದ್ದರಿಂದ ಧವಲಾ ಎಂಬ ಹೆಸರು ಬಂತೆಂದು ಕೆಲವರು ಹೇಳುತ್ತಾರೆ. ಅಮೋಘವರ್ಷನಿಗೆ ಅತಿಶಯಧವಲ ಎಂಬ ಬಿರುದು ಇದ್ದದ್ದನ್ನು ಇನ್ನು ಕೆಲವರು ನೆನಪಿಸುತ್ತಾರೆ.

ಎಪ್ಪತ್ತೆರಡು ಸಾವಿರ ಶ್ಲೋಕಗಳ ಗ್ರಂಥ

ಧವಲಾದ ಪ್ರಮಾಣ 72,000 ಶ್ಲೋಕ. ಇಲ್ಲಿ ಶ್ಲೋಕ ಎಂದರೆ 32 ಅಕ್ಷರಗಳ ಒಂದು ಅಳತೆ. ಹಿಂದಿನವರು ಗ್ರಂಥದ ಗಾತ್ರವನ್ನು ಹೀಗೆಯೇ ಅಳೆಯುತ್ತಿದ್ದರು. ಈ ಲೆಕ್ಕದಲ್ಲಿ ಧವಲಾ 23 ಲಕ್ಷ ಅಕ್ಷರಗಳಿಗೂ ಹೆಚ್ಚು. ಪ್ರಾಕೃತ ಮತ್ತು ಸಂಸ್ಕೃತ ಎರಡನ್ನೂ ಬೆರೆಸಿ ಬರೆದ ಗ್ರಂಥ. ಆರು ಖಂಡಗಳಲ್ಲಿ ಮೊದಲ ಐದು ಖಂಡಗಳ ವಿಷಯ ಇದರಲ್ಲಿದೆ. ಆರನೆಯ ಖಂಡವಾದ ಮಹಾಬಂಧವನ್ನು ಭೂತಬಲಿಗಳೇ ವಿಸ್ತಾರವಾಗಿ ಬರೆದಿದ್ದರು. ಅದೇ ಮಹಾಧವಲಾ ಎಂದು ಪ್ರಸಿದ್ಧವಾಯಿತು.

ಜೀವ ಎಂದರೇನು, ಕರ್ಮ ಹೇಗೆ ಅಂಟುತ್ತದೆ, ಎಷ್ಟು ಕಾಲ ಇರುತ್ತದೆ, ಹೇಗೆ ಬಿಡುತ್ತದೆ ಎಂಬುದೇ ಗ್ರಂಥದ ವಿಷಯ. ಇದನ್ನು ವೀರಸೇನರು ಪ್ರಶ್ನೆ ಮತ್ತು ಉತ್ತರದ ರೂಪದಲ್ಲಿ ಬಿಡಿಸುತ್ತಾರೆ. ಸಂದೇಹ ಪಡುವವನ ಮಾತನ್ನು ಮೊದಲು ಪೂರ್ತಿಯಾಗಿ ಹೇಳಿ, ಅನಂತರ ಸಮಾಧಾನ ಕೊಡುತ್ತಾರೆ. ಹಿಂದಿನ ಆಚಾರ್ಯರಲ್ಲಿ ದಕ್ಷಿಣದ ಪರಂಪರೆ, ಉತ್ತರದ ಪರಂಪರೆ ಎಂದು ಎರಡು ಮತಗಳಿದ್ದರೆ ಎರಡನ್ನೂ ದಾಖಲಿಸುತ್ತಾರೆ. ಯಾವುದು ಸರಿ ಎಂದು ತೀರ್ಮಾನಿಸಲು ಆಧಾರವಿಲ್ಲದ ಕಡೆ ಅದನ್ನು ಗೌತಮ ಗಣಧರರನ್ನೇ ಕೇಳಬೇಕು ಎಂಬ ಅರ್ಥದಲ್ಲಿ ಬರೆದು ಮುಂದೆ ಹೋಗುತ್ತಾರೆ. ಇಷ್ಟು ದೊಡ್ಡ ಪಂಡಿತರು ತಿಳಿಯದ್ದನ್ನು ತಿಳಿಯದು ಎಂದು ಬರೆದದ್ದು ನಾವೆಲ್ಲ ಗಮನಿಸಬೇಕಾದ ಗುಣ.

ಜೀವಗಳ ಸಂಖ್ಯೆ, ಲೋಕದ ಅಳತೆ ಹೇಳುವಾಗ ಗಣಿತ ಬೇಕಾಗುತ್ತದೆ. ಅರ್ಧಚ್ಛೇದ ಎಂಬ ಲೆಕ್ಕವನ್ನು ಧವಲಾದಲ್ಲಿ ಬಳಸಲಾಗಿದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡುತ್ತಾ ಹೋದರೆ ಒಂದಕ್ಕೆ ಬರುತ್ತದೆ ಎಂಬುದೇ ಅರ್ಧಚ್ಛೇದ. 8ಕ್ಕೆ ಅದು 3, 1024ಕ್ಕೆ 10. ಇಂದು ಕಾಲೇಜಿನಲ್ಲಿ ಕಲಿಸುವ ಲಾಗರಿಥಮ್ ಇದೇ ತತ್ವದ್ದು. ಮೂರು ಭಾಗ, ನಾಲ್ಕು ಭಾಗ ಮಾಡುವ ಲೆಕ್ಕಗಳೂ ಇವೆ. ವೃತ್ತದ ವ್ಯಾಸ 113 ಇದ್ದರೆ ಪರಿಧಿ 355ಕ್ಕೆ ಹತ್ತಿರ ಬರುವಂತಹ ಸೂತ್ರವೂ ಇದೆ. ಇದೇ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯರ ಗಣಿತಸಾರಸಂಗ್ರಹವೂ ರಚನೆಯಾಯಿತು.

ಧವಲಾ ಮುಗಿದ ಮೇಲೆ ವೀರಸೇನರು ಗುಣಧರಾಚಾರ್ಯರ ಕಷಾಯಪ್ರಾಭೃತಕ್ಕೆ ಜಯಧವಲಾ ಎಂಬ ವ್ಯಾಖ್ಯಾನ ಆರಂಭಿಸಿದರು. 20,000 ಶ್ಲೋಕಗಳಷ್ಟು ಬರೆಯುವಾಗ ಅವರ ಆಯುಷ್ಯ ತೀರಿತು. ಕೆಲಸ ಅರ್ಧಕ್ಕೆ ನಿಲ್ಲಲಿಲ್ಲ. ಕಿವಿ ಚುಚ್ಚುವ ವಯಸ್ಸಿಗೆ ಮೊದಲೇ ಸಂಘಕ್ಕೆ ಸೇರಿದರೆಂದು ಹೇಳಲಾಗುವ ಅವರ ಶಿಷ್ಯ ಜಿನಸೇನರು ಇನ್ನೂ 40,000 ಶ್ಲೋಕ ಬರೆದು, ಶಕ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ, ಫಾಲ್ಗುಣದ ನಂದೀಶ್ವರ ಪರ್ವದ ದಿನಗಳಲ್ಲಿ ವಾಟಗ್ರಾಮದಲ್ಲೇ ಮುಗಿಸಿದರು. ಈ ಜಿನಸೇನರೇ ಸಂಸ್ಕೃತ ಆದಿಪುರಾಣದ ಕರ್ತೃ. ಅದೂ ಅಪೂರ್ಣವಾಗಿ ಉಳಿದಾಗ ಅವರ ಶಿಷ್ಯ ಗುಣಭದ್ರರು ಪೂರ್ತಿ ಮಾಡಿದರು. ಕ್ರಿ.ಶ. 941ರಲ್ಲಿ ಪಂಪ ಮಹಾಕವಿ ಕನ್ನಡದಲ್ಲಿ ಆದಿಪುರಾಣ ಬರೆಯಲು ಆಧಾರವಾದದ್ದು ಜಿನಸೇನರ ಗ್ರಂಥ. ಹೀಗೆ ವೀರಸೇನರ ಶಿಷ್ಯಪರಂಪರೆ ಕನ್ನಡ ಸಾಹಿತ್ಯದ ಬೇರಿಗೂ ನೀರೆರೆದಿದೆ.

ಗೃಹಸ್ಥರು ಓದಬಾರದು ಎಂಬ ಕಟ್ಟಳೆ

ವೀರಸೇನರ ನಂತರ ಸುಮಾರು ನೂರೈವತ್ತು ವರ್ಷಕ್ಕೆ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಬಂದರು. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳು. ಅವರ ಬಗ್ಗೆ ಒಂದು ಪ್ರಸಿದ್ಧ ಐತಿಹ್ಯವಿದೆ. ನೇಮಿಚಂದ್ರರು ಸಿದ್ಧಾಂತ ಗ್ರಂಥವನ್ನು ಓದುತ್ತಿದ್ದಾಗ ಚಾವುಂಡರಾಯ ದರ್ಶನಕ್ಕೆ ಬಂದನಂತೆ. ಗುರುಗಳು ಗ್ರಂಥವನ್ನು ಮುಚ್ಚಿಬಿಟ್ಟರು. ಕಾರಣ ಕೇಳಿದಾಗ ಗೃಹಸ್ಥರಿಗೆ ಇದರ ಅಧ್ಯಯನಕ್ಕೆ ಅಧಿಕಾರವಿಲ್ಲ ಎಂದರು. ಹಾಗಾದರೆ ನಮ್ಮಂಥವರು ತಿಳಿಯುವುದು ಹೇಗೆ ಎಂದು ಚಾವುಂಡರಾಯ ಬೇಡಿಕೊಂಡ. ಆಗ ನೇಮಿಚಂದ್ರರು ಷಟ್ಖಂಡಾಗಮದ ಸಾರ ತೆಗೆದು ಗೊಮ್ಮಟಸಾರ ರಚಿಸಿದರು. ಚಾವುಂಡರಾಯನ ಗೊಮ್ಮಟ ಎಂಬ ಹೆಸರೇ ಗ್ರಂಥಕ್ಕೂ ಬಂತು.

ಗೊಮ್ಮಟಸಾರದಿಂದ ಸಮಾಜಕ್ಕೆ ದೊಡ್ಡ ಉಪಕಾರವಾಯಿತು. ಆದರೆ ಸಾರ ಕೈಗೆ ಸಿಕ್ಕ ಮೇಲೆ ಮೂಲದ ಅಧ್ಯಯನ ಕಡಿಮೆಯಾಯಿತು. ಷಟ್ಖಂಡಾಗಮಕ್ಕೆ ಕುಂದಕುಂದರು, ಶಾಮಕುಂಡರು, ತುಂಬುಲೂರಾಚಾರ್ಯರು, ಸಮಂತಭದ್ರರು, ಬಪ್ಪದೇವರು ವ್ಯಾಖ್ಯಾನ ಬರೆದಿದ್ದರೆಂದು ಇಂದ್ರನಂದಿ ಹೇಳುತ್ತಾರೆ. ತುಂಬುಲೂರಾಚಾರ್ಯರ ಚೂಡಾಮಣಿ 84,000 ಶ್ಲೋಕ ಪ್ರಮಾಣದ್ದು, ಅದೂ ಕನ್ನಡ ಭಾಷೆಯಲ್ಲಿ. ಅಷ್ಟು ದೊಡ್ಡ ಕನ್ನಡ ಗ್ರಂಥದ ಒಂದು ಓಲೆಯೂ ಇಂದು ನಮ್ಮ ಕೈಯಲ್ಲಿಲ್ಲ. ಈ ಎಲ್ಲ ವ್ಯಾಖ್ಯಾನಗಳಲ್ಲಿ ಉಳಿದದ್ದು ವೀರಸೇನರದ್ದು ಮಾತ್ರ.

ಬರೆಸಿದ ಮಹಾತಾಯಿಯರು

ಅದು ಉಳಿದದ್ದಕ್ಕೆ ಶ್ರಾವಿಕೆಯರು ಕಾರಣ. ಮೂಡುಬಿದಿರೆಯ ಧವಲಾ ಪ್ರತಿಯ ಕೊನೆಯಲ್ಲಿ ಮಂಡಲಿಯ ಗಂಗ ಮನೆತನಕ್ಕೆ ಸಂಬಂಧಿಸಿದ ದೇಮಿಯಕ್ಕನ ಹೆಸರಿದೆ. ಶ್ರುತಪಂಚಮಿ ನೋಂಪಿಯ ಉದ್ಯಾಪನೆಗೆ ಈ ತಾಯಿ ಇಡೀ ಗ್ರಂಥವನ್ನು ಬರೆಸಿ, ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ಶಾಸ್ತ್ರದಾನ ಮಾಡಿದಳು. ಇದು 12ನೆಯ ಶತಮಾನದ ಆರಂಭದ ಮಾತು. ಮಹಾಬಂಧದ ಪ್ರತಿಯನ್ನು ಬರೆಸಿದವಳು ಶಾಂತಿಸೇನನ ಪತ್ನಿ ಮಲ್ಲಿಕಬ್ಬೆ. ಅವಳು ಅದನ್ನು ಮಾಘನಂದಿ ಆಚಾರ್ಯರಿಗೆ ಕೊಟ್ಟಳು.

ಎರಡಡಿಗೂ ಮಿಕ್ಕಿ ಉದ್ದದ ಶ್ರೀತಾಳೆಯ ಓಲೆಗಳು, ಹಳಗನ್ನಡ ಲಿಪಿ, ನಡುನಡುವೆ ಬಣ್ಣದ ಚಿತ್ರಗಳು. ಪಾರ್ಶ್ವನಾಥ, ಬಾಹುಬಲಿ, ಶ್ರುತದೇವಿ, ಯಕ್ಷಯಕ್ಷಿಯರು, ಕೈಮುಗಿದ ಶ್ರಾವಕರು ಈ ಓಲೆಗಳ ಮೇಲಿದ್ದಾರೆ. ದಿಗಂಬರ ಜೈನ ಹಸ್ತಪ್ರತಿ ಚಿತ್ರಕಲೆಯ ಅತಿ ಹಳೆಯ ಉದಾಹರಣೆಗಳಲ್ಲಿ ಇವನ್ನು ಎಣಿಸುತ್ತಾರೆ. ಭಾಷೆ ಪ್ರಾಕೃತ, ಸಂಸ್ಕೃತವಾದರೂ ಅದನ್ನು ಹೊತ್ತು ತಂದದ್ದು ಕನ್ನಡದ ಅಕ್ಷರ ಎಂಬುದು ನಮಗೆ ಹೆಮ್ಮೆಯ ವಿಷಯ.

ಮೂಡುಬಿದಿರೆಗೆ ಬಂದದ್ದು

ಗುರುಬಸದಿಯ ಮೂಲದ ಬಗ್ಗೆಯೂ ಐತಿಹ್ಯವಿದೆ. ಶ್ರವಣಬೆಳಗೊಳದಿಂದ ಬಂದ ಮುನಿಗಳೊಬ್ಬರು ಇಲ್ಲಿಯ ಬಿದಿರಕಾಡಿನಲ್ಲಿ ಹುಲಿಯೂ ಹಸುವೂ ವೈರ ಬಿಟ್ಟು ಜೊತೆಗಿರುವುದನ್ನು ಕಂಡರಂತೆ. ಇದು ಸಾಮಾನ್ಯ ಸ್ಥಳವಲ್ಲವೆಂದು ಹುಡುಕಿದಾಗ ಬಿದಿರ ಮೆಳೆಯಲ್ಲಿ ಪಾರ್ಶ್ವನಾಥ ಸ್ವಾಮಿಯ ಬಿಂಬ ದೊರೆಯಿತು. ಕ್ರಿ.ಶ. 714ರಲ್ಲಿ ಪ್ರತಿಷ್ಠೆಯಾಯಿತೆಂದು ಪರಂಪರೆ ಹೇಳುತ್ತದೆ. ಬಿದಿರೆ ಎಂಬ ಹೆಸರೂ ಬಿದಿರಿನಿಂದಲೇ.

ಘಟ್ಟದ ಮೇಲೆ ರಾಜ್ಯಗಳು ಅಳಿದು ಕಾಲ ಕೆಟ್ಟಾಗ ಶ್ರವಣಬೆಳಗೊಳದಲ್ಲಿದ್ದ ಸಿದ್ಧಾಂತ ಗ್ರಂಥಗಳನ್ನು ರಕ್ಷಣೆಗಾಗಿ ಘಟ್ಟ ಇಳಿಸಿ ಇಲ್ಲಿಗೆ ತಂದರು ಎಂಬುದು ಹಿರಿಯರಿಂದ ಬಂದ ಮಾತು. ಬೀಗದೊಳಗೆ ಭದ್ರವಾದ ಮೇಲೆ ಗ್ರಂಥಗಳು ದರ್ಶನಕ್ಕೆ ಮಾತ್ರ ಹೊರಬರುತ್ತಿದ್ದವು. 18ನೆಯ ಶತಮಾನದಲ್ಲಿ ಜೈಪುರದ ಪಂಡಿತ ಟೋಡರಮಲ್ಲರು ಗೊಮ್ಮಟಸಾರಕ್ಕೆ ದೊಡ್ಡ ಭಾಷಾಟೀಕೆ ಬರೆದರು. ಅಂಥವರ ಕೈಗೂ ಧವಲಾ ಸಿಗಲಿಲ್ಲ.

ಕಾಪಾಡಿದವರನ್ನು ದೂರುವಂತಿಲ್ಲ. ಕಾಪಾಡದಿದ್ದರೆ ಚೂಡಾಮಣಿಗೆ ಆದ ಗತಿಯೇ ಇದಕ್ಕೂ ಆಗುತ್ತಿತ್ತು. ಆದರೆ ನಮ್ಮ ಕರಾವಳಿಯ ಮಳೆ, ತೇವ, ಹುಳ ಯಾವ ಬೀಗಕ್ಕೂ ಹೆದರುವುದಿಲ್ಲ. ಪೆಟ್ಟಿಗೆಯೊಳಗೇ ಓಲೆಗಳ ಅಂಚು ಮುರಿಯುತ್ತಿತ್ತು, ಮಹಾಬಂಧದ ಕೆಲವು ಓಲೆಗಳು ಹಾಳಾದವು. ಹಳೆಯ ಲಿಪಿ ಓದಬಲ್ಲವರ ಸಂಖ್ಯೆಯೂ ಕಡಿಮೆಯಾಗುತ್ತಾ ಬಂತು. ಧರಸೇನರಿಗೆ ಹುಟ್ಟಿದ ಅದೇ ಭಯ ಮತ್ತೆ ಎದುರಾಯಿತು.

ಪ್ರತಿ ಮಾಡಿದ ಇಪ್ಪತ್ತಾರು ವರ್ಷ

1883ರಲ್ಲಿ ಮುಂಬಯಿಯ ವ್ಯಾಪಾರಿ ಸೇಠ್ ಮಾಣಿಕ್‌ಚಂದ್ ಪಾನಾಚಂದರು ಸಂಘದೊಂದಿಗೆ ಯಾತ್ರೆ ಬಂದರು. ಎಲ್ಲರೂ ರತ್ನಬಿಂಬಗಳನ್ನು ನೋಡುತ್ತಿದ್ದಾಗ ಅವರ ಮನಸ್ಸು ಜೀರ್ಣವಾಗುತ್ತಿದ್ದ ಓಲೆಗಳ ಮೇಲೆ ಹೋಯಿತು. ಊರಿಗೆ ಹೋಗಿ ಸೋಲಾಪುರದ ಸೇಠ್ ಹೀರಾಚಂದ್ ನೇಮಚಂದರಿಗೆ ತಿಳಿಸಿದರು. ಹೀರಾಚಂದರು ಹಳೆಯ ಲಿಪಿ ಬಲ್ಲ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೊಂದಿಗೆ ಮೂಡುಬಿದಿರೆಗೆ ಬಂದರು. ಮಠದವರನ್ನೂ ಊರಿನ ಪ್ರಮುಖರನ್ನೂ ಒಪ್ಪಿಸಲು ವರ್ಷಗಳೇ ಹಿಡಿದವು. ಪ್ರತಿ ಮಾಡಬಹುದು, ಆದರೆ ಪ್ರತಿಗಳೂ ಮೂಡುಬಿದಿರೆಯಲ್ಲೇ ಇರಬೇಕು ಎಂಬ ಷರತ್ತಿನ ಮೇಲೆ 1896ರ ಸುಮಾರಿಗೆ ಕೆಲಸ ಆರಂಭವಾಯಿತು.

ಬ್ರಹ್ಮಸೂರಿ ಶಾಸ್ತ್ರಿಗಳು ಹೆಚ್ಚು ಕಾಲ ಉಳಿಯಲಿಲ್ಲ. ಅವರ ನಂತರ ಮಿರಜಿನ ಗಜಪತಿ ಉಪಾಧ್ಯಾಯರು ಮುಂದುವರಿಸಿದರು. ದೇವನಾಗರಿಯಲ್ಲಿ ಒಂದು, ಕನ್ನಡದಲ್ಲಿ ಒಂದು ಪ್ರತಿ ಸಿದ್ಧವಾಗತೊಡಗಿತು. ಕನ್ನಡ ಪ್ರತಿಯ ಕೆಲಸದಲ್ಲಿ ಸ್ಥಳೀಯ ಲಿಪಿಕಾರರು ಕೈಜೋಡಿಸಿದರು. ಮೂರೂ ಗ್ರಂಥಗಳ ಪ್ರತಿ ಮುಗಿಯುವಾಗ 1922 ಆಗಿತ್ತು. ಒಟ್ಟು 26 ವರ್ಷ.

ಇದರ ನಡುವೆ ಒಂದು ಘಟನೆ ನಡೆಯಿತು. ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಕೊಂಡರು. ಅದನ್ನು ಸೋಲಾಪುರಕ್ಕೆ ಒಯ್ದಾಗ ಹೀರಾಚಂದರು ಷರತ್ತಿಗೆ ವಿರುದ್ಧವಾದದ್ದೆಂದು ತೆಗೆದುಕೊಳ್ಳಲಿಲ್ಲ. ಕೊನೆಗೆ ಉತ್ತರ ಪ್ರದೇಶದ ಸಹಾರನ್‌ಪುರದ ಲಾಲಾ ಜಂಬೂಪ್ರಸಾದರು ಅದನ್ನು ಪಡೆದು ತಮ್ಮ ಮಂದಿರದಲ್ಲಿಟ್ಟರು. ಅಲ್ಲಿ ಅದನ್ನು ನಾಗರಿಗೆ ಇಳಿಸುವಾಗ ಪಂಡಿತ ಸೀತಾರಾಮ ಶಾಸ್ತ್ರಿಗಳು ತಮಗೂ ಒಂದು ಪ್ರತಿ ಇಟ್ಟುಕೊಂಡರು. ಅದರಿಂದ ಆರಾ, ಕಾರಂಜಾ, ಸಾಗರ್ ಮುಂತಾದ ಊರುಗಳಿಗೆ ಪ್ರತಿಗಳು ಹೋದವು.

ಇದು ಸರಿಯೇ ತಪ್ಪೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಕೊಟ್ಟ ಮಾತು ಮುರಿದದ್ದು ತಪ್ಪು. ಅಚೌರ್ಯವ್ರತ ಪಾಲಿಸುವ ಸಮಾಜ ಅದನ್ನು ಸರಿ ಎನ್ನಲಾಗದು. ಹೀರಾಚಂದರು ಕೈಗೆ ಬಂದದ್ದನ್ನು ಬೇಡ ಎಂದದ್ದು ಅದಕ್ಕೇ. ಆದರೆ ಆ ಪ್ರತಿ ಹೊರಬಾರದಿದ್ದರೆ ವೀರಸೇನರ ಮಾತು ಇನ್ನೆಷ್ಟು ಕಾಲ ಮೌನವಾಗಿರುತ್ತಿತ್ತೋ ಹೇಳಲಾಗದು. ಎರಡೂ ನಿಜ, ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳಬೇಕು.

ಅಚ್ಚಾದ ಧವಲಾ

ಅಮರಾವತಿಯ ಕಿಂಗ್ ಎಡ್ವರ್ಡ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ಹೀರಾಲಾಲ್ ಜೈನರು ಈ ಪ್ರತಿಗಳನ್ನು ಹೋಲಿಸಿ, ಹಿಂದಿ ಅನುವಾದದೊಂದಿಗೆ ಧವಲಾವನ್ನು ಅಚ್ಚು ಹಾಕಿಸಲು ನಿಂತರು. ವಿದಿಶೆಯ ಸೇಠ್ ಲಕ್ಷ್ಮೀಚಂದ್ರ ಶಿತಾಬರಾಯರು ದಾನ ಕೊಟ್ಟರು. ಪಂಡಿತ ಫೂಲಚಂದ್ರ ಶಾಸ್ತ್ರಿ, ಪಂಡಿತ ಬಾಲಚಂದ್ರ ಶಾಸ್ತ್ರಿ ಮೊದಲಾದವರು ದುಡಿದರು. ನಮ್ಮ ಬೆಳಗಾವಿ ಜಿಲ್ಲೆಯ ಸದಲಗಾದ ಡಾ. ಆ. ನೇ. ಉಪಾಧ್ಯೆಯವರೂ ನೆರವಾದರು. ಮೊದಲ ಸಂಪುಟ 1939ರಲ್ಲಿ ಬಂತು. ಆಗಮ ಅಚ್ಚಾಗಬಾರದು, ಗೃಹಸ್ಥರು ಓದಬಾರದು ಎಂಬ ವಿರೋಧವೂ ಎದ್ದಿತು. ಆದರೂ ಕೆಲಸ ನಿಲ್ಲಲಿಲ್ಲ. 1958ರಲ್ಲಿ 16ನೆಯ ಸಂಪುಟದೊಂದಿಗೆ ಧವಲಾ ಪೂರ್ತಿಯಾಯಿತು.

ಇಲ್ಲಿ ಮೂಡುಬಿದಿರೆಯ ದೊಡ್ಡತನವನ್ನು ನೆನೆಯಬೇಕು. ಮೊದಲ ಸಂಪುಟಗಳು ಬಂದ ಮೇಲೆ ಶ್ರೀಮಠದವರು, ಬಸದಿಯ ಮುಖ್ಯಸ್ಥರು ಹಳೆಯ ಕಹಿಯನ್ನು ಬದಿಗಿಟ್ಟು ಮೂಲ ಓಲೆಗಳೊಂದಿಗೆ ಪಾಠ ಹೋಲಿಸಲು ಅವಕಾಶ ಮಾಡಿಕೊಟ್ಟರು. ಪಂಡಿತ ಲೋಕನಾಥ ಶಾಸ್ತ್ರಿಗಳು ಮತ್ತು ಜೊತೆಯವರು ಓಲೆ ಓದಿ ಪಾಠಗಳನ್ನು ಕಳುಹಿಸಿದರು. ಮೂಲದ ಬೆಲೆ ಏನೆಂಬುದು ಆಗ ತಿಳಿಯಿತು. ಮೊದಲ ಸಂಪುಟದ 93ನೆಯ ಸೂತ್ರದಲ್ಲಿ ಸಂಜದ, ಅಂದರೆ ಸಂಯತ ಎಂಬ ಪದ ಇರಬೇಕೇ ಬೇಡವೇ ಎಂದು ದೇಶದ ಜೈನ ಪಂಡಿತರಲ್ಲಿ ದೊಡ್ಡ ವಾದ ನಡೆದಿತ್ತು. ಪ್ರತಿಯ ಪ್ರತಿಗಳಲ್ಲಿ ಆ ಪದ ಬಿಟ್ಟುಹೋಗಿತ್ತು. ಮೂಡುಬಿದಿರೆಯ ಓಲೆಯಲ್ಲಿ ಅದು ಇತ್ತು. ಧರಸೇನರ ಮಂತ್ರಪರೀಕ್ಷೆಯ ಕಥೆ ಇಲ್ಲಿ ನೆನಪಾಗದೆ ಇರದು.

ಮಹಾಬಂಧವನ್ನು ಭಾರತೀಯ ಜ್ಞಾನಪೀಠ 1947ರಿಂದ 7 ಸಂಪುಟಗಳಲ್ಲಿ ಪ್ರಕಟಿಸಿತು. ಜಯಧವಲಾ ಮಥುರಾದ ದಿಗಂಬರ ಜೈನ ಸಂಘದಿಂದ ಹೊರಬಂತು. ಚಾರಿತ್ರ ಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರ ಪ್ರೇರಣೆಯಿಂದ ಸಿದ್ಧಾಂತ ಗ್ರಂಥಗಳನ್ನು ತಾಮ್ರಪಟಗಳ ಮೇಲೆ ಕೊರೆಸಲಾಯಿತು. ಮೂಡುಬಿದಿರೆಯ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಕನ್ನಡ ನಾಡಿನ ತಾಳೆಗರಿ ಗ್ರಂಥಗಳ ಸೂಚಿಯನ್ನು ಸಿದ್ಧಪಡಿಸಿದರು, ಅದು 1948ರಲ್ಲಿ ಅಚ್ಚಾಯಿತು. ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆಯಿಂದ ಧವಲಾದ ಕನ್ನಡ ಅನುವಾದದ ಸಂಪುಟಗಳೂ ಬಂದಿವೆ. ಕಳೆದುಹೋದ ಚೂಡಾಮಣಿಯ ಜಾಗದಲ್ಲಿ ಕನ್ನಡಿಗರಿಗೆ ಮತ್ತೆ ಕನ್ನಡದಲ್ಲಿ ಸಿದ್ಧಾಂತ ಓದುವ ಭಾಗ್ಯ ಬಂದಿದೆ.

ನಮ್ಮ ಮನೆಯ ಅಟ್ಟದ ಮೇಲೆ

ವೀರಸೇನರ ಜೀವನದಿಂದ ತಿಳಿಯುವುದು ಇಷ್ಟು. ಗ್ರಂಥ ಉಳಿಯಬೇಕಾದರೆ ಬರೆಯುವವರು ಬೇಕು, ಬರೆಸುವವರು ಬೇಕು, ಕಾಯುವವರು ಬೇಕು, ತೆರೆದು ಓದುವವರೂ ಬೇಕು. ಒಂದು ಕೊಂಡಿ ತಪ್ಪಿದರೂ ಸರಪಣಿ ಕಡಿಯುತ್ತದೆ.

ಪುತ್ತೂರು, ಸುಳ್ಯ, ಕಡಬದ ಹಳೆಯ ಮನೆಗಳಲ್ಲಿ, ಬೀಡುಗಳಲ್ಲಿ, ಸಣ್ಣ ಬಸದಿಗಳಲ್ಲಿ ಅಟ್ಟದ ಮೇಲೆ, ದೇವರಕೋಣೆಯ ಪೆಟ್ಟಿಗೆಯಲ್ಲಿ ಓಲೆಯ ಕಟ್ಟುಗಳು ಇದ್ದರೆ ಅವನ್ನು ಹಾಗೆಯೇ ಬಿಡಬೇಡಿ. ಅದು ನೋಂಪಿ ಕಥೆ ಇರಬಹುದು, ಪೂಜಾವಿಧಿ ಇರಬಹುದು, ಜಮೀನಿನ ಲೆಕ್ಕ ಇರಬಹುದು. ನೋಡದೆ ಹೇಳುವಂತಿಲ್ಲ. ಶ್ರುತಪಂಚಮಿ ಬರುವುದು ಮಳೆಗಾಲ ಕಾಲಿಡುವ ಹೊತ್ತಿಗೆ. ಆ ದಿನ ಕಟ್ಟನ್ನು ಬಿಚ್ಚಿ, ನೆರಳಿನಲ್ಲಿ ಗಾಳಿಯಾಡಿಸಿ, ಮೆತ್ತನೆಯ ಬಟ್ಟೆಯಿಂದ ಧೂಳು ತೆಗೆದು, ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿಡಬಹುದು. ಬಿಸಿಲಿಗೆ ಇಡಬಾರದು. ಅಂಟಿಕೊಂಡ ಓಲೆಗಳನ್ನು ಬಲವಂತವಾಗಿ ಬಿಡಿಸಬಾರದು. ಮನೆಯ ಎಣ್ಣೆ ಹಚ್ಚಬಾರದು. ಬಲ್ಲವರಿಗೆ ತೋರಿಸುವುದು ಒಳ್ಳೆಯದು. ಮೂಡುಬಿದಿರೆಯ ಶ್ರೀ ಜೈನಮಠ, ಅಲ್ಲಿಯ ರಮಾರಾಣಿ ಜೈನ ಶೋಧ ಸಂಸ್ಥಾನ, ಧರ್ಮಸ್ಥಳದ ಮಂಜುನಾಥೇಶ್ವರ ಸಂಸ್ಕೃತಿ ಸಂಶೋಧನ ಪ್ರತಿಷ್ಠಾನ ಇವೆಲ್ಲ ನಮಗೆ ದೂರದವಲ್ಲ. ಓಲೆಯನ್ನು ಕೊಡಲು ಮನಸ್ಸಿಲ್ಲದಿದ್ದರೆ ಫೋಟೋ ತೆಗೆಯಲಾದರೂ ಕೊಡಬಹುದು. ಕೊಟ್ಟರೆ ನಮ್ಮದು ಕಡಿಮೆಯಾಗದ ಸೊತ್ತು ಎಂದರೆ ವಿದ್ಯೆ ಒಂದೇ.

ಇನ್ನು ಮುಂದೆ ಗುರುಬಸದಿಯಲ್ಲಿ ಸಿದ್ಧಾಂತ ದರ್ಶನ ಮಾಡುವಾಗ ಮಕ್ಕಳಿಗೆ ರತ್ನಬಿಂಬದ ಜೊತೆಗೆ ಓಲೆಯ ಕಥೆಯನ್ನೂ ಹೇಳಿ. ವಾಟಗ್ರಾಮದ ಜಿನಾಲಯದಲ್ಲಿ ಕುಳಿತು ಬರೆದ ವೀರಸೇನರನ್ನು, ಮುಗಿಸಿದ ಜಿನಸೇನರನ್ನು, ಬರೆಸಿದ ದೇಮಿಯಕ್ಕ ಮತ್ತು ಮಲ್ಲಿಕಬ್ಬೆಯರನ್ನು, ಕಾದು ಕೊಟ್ಟ ಮೂಡುಬಿದಿರೆಯ ಹಿರಿಯರನ್ನು ಒಮ್ಮೆ ನೆನೆದು ನಮೋಕಾರ ಹೇಳಿದರೆ ಆ ದರ್ಶನ ಪೂರ್ಣವಾಗುತ್ತದೆ.

ಜೈ ಜಿನೇಂದ್ರ.